ಹರಿಗೋಲು (ಹಂಪಿ ಪರಿಸರ)

ಬಿದಿರ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ಹೊರಮೈಗೆ ನೀರು ಸೋರದ ಹೊದಿಕೆ ಹೊದಿಸಿದ ದುಂಡು ದೋಣಿ. ತೆಪ್ಪವೆಂದೂ ಹೆಸರುಂಟು. ಹಂಪಿ, ಆನೆಗೊಂದಿ, ಕಂಪ್ಲಿ ಭಾಗದ ತುಂಗಭದ್ರೆಯಲ್ಲಿ ಹಿಂದಿನಿಂದ ಬಳಕೆಯಲ್ಲಿದೆ. ಹೊದಿಕೆ ಮೊದಲು ಚರ್ಮದ್ದಾಗಿತ್ತು. ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಕಡವಿನ ಹರಿಗೋಲನ್ನು ವರ್ಣಿಸಿದ್ದಾನೆ: ಒಳಗೆ ಬೆತ್ತ, ಹೊರಗೆ ಚರ್ಮ, 15–20 ಜನರಿಗೆ ಸ್ಥಳ, ಅಗತ್ಯ ಬಿದ್ದರೆ ಕುದುರೆ, ಎತ್ತುಗಳೂ ದಾಟುತ್ತಿದ್ದವು. ನೇರ ಸಾಗದೆ ಸುತ್ತುತ್ತಲೇ ಇರುವ ಇದರ ಚಾಳಿಯೂ ಅವನ ಕಣ್ಣಿಗೆ ಬಿದ್ದಿತ್ತು. ಆ ಚಾಳಿ ಇಂದಿಗೂ ಬದಲಾಗಿಲ್ಲ.

ತಳ ಚಪ್ಪಟೆಯಾದ್ದರಿಂದ ಹರಿಗೋಲು ನೀರಿನಲ್ಲಿ ಹೆಚ್ಚು ಮುಳುಗದು. ಬಂಡೆಗಳ ನಡುವಿನ ಆಳವಿಲ್ಲದ ನೀರಿನಲ್ಲೂ ಸಾಗುತ್ತದೆ. ಅಂಬಿಗನು ಒಂದೇ ಹುಟ್ಟಿನಿಂದ ದಿಕ್ಕು ಹಿಡಿಯುತ್ತಾನೆ. ಹಗುರವಾದ್ದರಿಂದ ದಡಕ್ಕೆ ಎಳೆದು ಬೋರಲು ಹಾಕಿ ಒಣಗಿಸುವುದು ರೂಢಿ.

ಹಂಪಿಯ ಚಕ್ರತೀರ್ಥ, ತಳವಾರಘಟ್ಟ ಹಾಗೂ ಕೊಪ್ಪಳ ಜಿಲ್ಲೆಯ ಸಾಣಾಪುರ ಕೆರೆ ಇಂದಿನ ವಿಹಾರದ ತಾಣಗಳು. ಕೋದಂಡರಾಮ ದೇವಾಲಯ, ಪುರಂದರ ಮಂಟಪ ಮತ್ತು ಬಂಡೆಯಲ್ಲಿ ಕೊರೆದ ಕೋಟಿಲಿಂಗವನ್ನು ನೀರಿನಿಂದ ನೋಡಬಹುದು. ಹೊಸಪೇಟೆ ಬಳಿ 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಕೆಳಗೆ ನದಿಯ ಹರಿವು ಜಲಾಶಯದ ಬಿಡುಗಡೆಯನ್ನು ಅವಲಂಬಿಸಿದೆ. ಬೇಸಿಗೆಯಲ್ಲಿ ಹೊಳೆ ಶಾಂತ. ಮಳೆಗಾಲದಲ್ಲಿ ಕ್ರಸ್ಟ್ ಗೇಟು ತೆರೆದಾಗ ಪುರಂದರ ಮಂಟಪವೂ ಕಂಪ್ಲಿಯ ಹಳೆಯ ಸೇತುವೆಯೂ ಮುಳುಗುತ್ತವೆ, ಹರಿಗೋಲುಗಳು ದಡ ಸೇರುತ್ತವೆ.