ಲ್ಯಾಬ್‌ವ್ಯೂಗೆ ಡಾಕ್ ಸಾಧನ ಜೋಡಿಸುತ್ತಿದ್ದೀರಾ? ತೆರೆಯ ಮೇಲಿನ 1.4 ವೋಲ್ಟ್ ನಂಬುವ ಮುನ್ನ ಹೀಗೆ ಪರೀಕ್ಷಿಸಿ

ಸೆನ್ಸರ್‌ನಿಂದ ಬರುವ ವೋಲ್ಟೇಜನ್ನು ಕಂಪ್ಯೂಟರ್‌ಗೆ ಅರ್ಥವಾಗುವ ಸಂಖ್ಯೆಯಾಗಿ ಬದಲಿಸುವ ಪುಟ್ಟ ಪೆಟ್ಟಿಗೆಯೇ ಡೇಟಾ ಅಕ್ವಿಸಿಷನ್ ಸಾಧನ. ಲ್ಯಾಬ್‌ಗಳಲ್ಲಿ ಇದನ್ನು ಚಿಕ್ಕದಾಗಿ ‘ಡಾಕ್’ ಎನ್ನುತ್ತಾರೆ. ಕೋಡ್ ಟೈಪ್ ಮಾಡುವ ಬದಲು ಚಿತ್ರಗಳನ್ನು ಗೆರೆಗಳಿಂದ ಜೋಡಿಸಿ ಪ್ರೋಗ್ರಾಂ ರೂಪಿಸುವ ಲ್ಯಾಬ್‌ವ್ಯೂ ಜೊತೆ ಇದನ್ನು ಬಳಸುವ ವಿದ್ಯಾರ್ಥಿಗಳು ಹಲವರು. ಹೊಸಬರು ಪ್ರೋಗ್ರಾಂನಲ್ಲಿ ತಪ್ಪು ಹುಡುಕುತ್ತಾರೆ. ತಪ್ಪು ಇರುವುದು ಬಹುಪಾಲು ತಂತಿಯಲ್ಲಿ.

ಅಮೆರಿಕದ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ (ಎನ್‌ಐ) ಕಂಪನಿ 1986ರಲ್ಲಿ ಮ್ಯಾಕಿಂಟೋಷ್‌ಗಾಗಿ ಲ್ಯಾಬ್‌ವ್ಯೂ ಹೊರತಂದಿತು. 2023ರಲ್ಲಿ ಎಮರ್ಸನ್ ಈ ಕಂಪನಿಯನ್ನು ಖರೀದಿಸಿದೆ. ಮನೆಯಲ್ಲಿ ಕಲಿಯುವವರಿಗೆ 2020ರಿಂದ ಉಚಿತ ಕಮ್ಯುನಿಟಿ ಆವೃತ್ತಿ ಇದೆ. ಕಾಲೇಜು ಲ್ಯಾಬ್‌ನ ಬಳಕೆಗೆ ಅದು ಅನ್ವಯಿಸದು.

ಮೊದಲು ಡ್ರೈವರ್, ಆಮೇಲೆ ಕೇಬಲ್

ಲ್ಯಾಬ್‌ವ್ಯೂ ಇನ್‌ಸ್ಟಾಲ್ ಆದ ನಂತರ ಅದಕ್ಕೆ ಹೊಂದುವ ಎನ್‌ಐ-ಡಾಕ್‌ಎಂಎಕ್ಸ್ ಡ್ರೈವರ್ ಹಾಕಿ, ಆಮೇಲೆ ಸಾಧನ ಜೋಡಿಸಬೇಕು. ‘ಎನ್‌ಐ ಮ್ಯಾಕ್ಸ್’ ತೆರೆದರೆ ಸಾಧನ ಸಾಮಾನ್ಯವಾಗಿ ‘ಡೆವ್1’ ಎಂಬ ಹೆಸರಲ್ಲಿ ಕಾಣುತ್ತದೆ. ಇಲ್ಲಿ ಕಾಣದಿದ್ದರೆ ಲ್ಯಾಬ್‌ವ್ಯೂನಲ್ಲಿ ಹುಡುಕಿ ಪ್ರಯೋಜನವಿಲ್ಲ.

ಬ್ಯಾಟರಿ ಪರೀಕ್ಷೆ

ಸೆನ್ಸರ್ ಜೋಡಿಸುವ ಮೊದಲು 1.5 ವೋಲ್ಟ್‌ನ ಪೆನ್ಸಿಲ್ ಸೆಲ್ ಸಾಕು. ಕಾಲೇಜುಗಳಲ್ಲಿ ಪರಿಚಿತವಾದ ಯುಎಸ್‌ಬಿ-6008 ಸಾಧನದಲ್ಲಿ ಒಂದು ವಿಚಿತ್ರವಿದೆ. ಸಿಂಗಲ್-ಎಂಡೆಡ್ ಸೆಟ್ಟಿಂಗ್‌ನಲ್ಲಿ ಏನನ್ನೂ ಜೋಡಿಸದೆ ಖಾಲಿ ಬಿಟ್ಟ ಚಾನೆಲ್ ಕೂಡ ಸುಮಾರು 1.4 ವೋಲ್ಟ್ ತೋರಿಸುತ್ತದೆ! ಇದು ಒಳಗಿನ ಸರ್ಕ್ಯೂಟ್‌ನ ಸ್ವಭಾವ, ದೋಷವಲ್ಲ. ಆದರೆ ತಂತಿ ಕಳಚಿದ್ದರೂ ‘ಸೆಲ್ ಓದುತ್ತಿದೆ’ ಎಂದು ಭಾವಿಸಲು ಅಷ್ಟು ಸಾಕು. ಹಾಗಾಗಿ ಮ್ಯಾಕ್ಸ್‌ನ ಟೆಸ್ಟ್ ಪ್ಯಾನೆಲ್‌ನಲ್ಲಿ ನೋಡುತ್ತಾ ಸೆಲ್ ತಿರುಗಿಸಿ. ಓದುವಿಕೆ ಮೈನಸ್ 1.5ರ ಆಸುಪಾಸಿಗೆ ಹೋದರಷ್ಟೇ ಸಂಪರ್ಕ ಸರಿ.

ಡಿಫರೆನ್ಷಿಯಲ್ ಸೆಟ್ಟಿಂಗ್ ಆಗಿದ್ದರೆ ಸೆಲ್‌ನ ಮೈನಸ್ ತಂತಿ ಗ್ರೌಂಡ್‌ಗೆ ಹೋಗಬಾರದು. ಎಐ0 ಚಾನೆಲ್‌ನ ಜೋಡಿ ಎಐ4. ಈ ಒಂದು ತಂತಿಗಾಗಿ ಇಡೀ ದಿನ ಕಳೆದುಹೋಗುವುದುಂಟು.

ರೇಂಜ್ ಕೂಡ ಹೊಸಬರು ಕಡೆಗಣಿಸುವ ವಿಷಯ. ಎಲ್‌ಎಂ35 ತಾಪಮಾನ ಸೆನ್ಸರ್ ಪ್ರತಿ ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. ಡಿಫರೆನ್ಷಿಯಲ್‌ನಲ್ಲಿ 12 ಬಿಟ್‌ನ ಈ ಸಾಧನವನ್ನು ±10 ವೋಲ್ಟ್‌ಗೆ ಇಟ್ಟರೆ ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್, ಅಂದರೆ ಅರ್ಧ ಡಿಗ್ರಿ. ±1 ವೋಲ್ಟ್‌ಗೆ ಇಳಿಸಿದರೆ ಮೆಟ್ಟಿಲು 0.05 ಡಿಗ್ರಿಯಾಗುತ್ತದೆ. ಬೇರೆ ಸೆನ್ಸರ್ ಕೊಳ್ಳಬೇಕಿಲ್ಲ.

230 ವೋಲ್ಟ್ ಮನೆ ವಿದ್ಯುತ್ತನ್ನು ಮಾತ್ರ ಯಾವ ಕಾರಣಕ್ಕೂ ನೇರವಾಗಿ ಜೋಡಿಸಬೇಡಿ. ಸಾಧನ, ಲ್ಯಾಪ್‌ಟಾಪ್, ಜೀವ ಮೂರಕ್ಕೂ ಅಪಾಯ.

ಈಗ ಪ್ರೋಗ್ರಾಂ

ಬ್ಲಾಕ್ ಡಯಾಗ್ರಾಂನಲ್ಲಿ ‘ಡಾಕ್ ಅಸಿಸ್ಟೆಂಟ್’ ಇಟ್ಟು, ಚಾನೆಲ್ ಆರಿಸಿ, ಅದರ ಡೇಟಾ ತಂತಿಯನ್ನು ಗ್ರಾಫ್‌ಗೆ ಎಳೆದು ವೈಲ್ ಲೂಪ್‌ನಲ್ಲಿ ಸುತ್ತಿದರೆ ಮೊದಲ ಪ್ರೋಗ್ರಾಂ ಸಿದ್ಧ. ಸೆಕೆಂಡಿಗೆ 1000 ಸ್ಯಾಂಪಲ್, ಪ್ರತಿ ಸಲ 100 ಓದುವಂತೆ ಇಟ್ಟರೆ ಗ್ರಾಫ್ ಸೆಕೆಂಡಿಗೆ 10 ಬಾರಿ ಬದಲಾಗುತ್ತದೆ. ಅದೇ ಲೂಪ್‌ನೊಳಗೆ ಫೈಲ್ ಬರೆಯುವಂಥ ನಿಧಾನದ ಕೆಲಸ ತುರುಕಿದರೆ ಬಫರ್ ತುಂಬಿ -200279 ಎರರ್ ಬರಬಹುದು. -50103 ಬಂದರೆ ಗಾಬರಿ ಬೇಡ, ಟೆಸ್ಟ್ ಪ್ಯಾನೆಲ್ ಹಿಂದೆ ಇನ್ನೂ ಓಡುತ್ತಿದೆಯೇ ನೋಡಿ, ನಿಲ್ಲಿಸಿ.