ಕೌಂಟಿ ಕ್ರಿಕೆಟ್ ಮತ್ತು ಕಾಸರಗೋಡು ಸೀಮೆಯ ಅಭಿಮಾನ

ಕೌಂಟಿ ಕ್ರಿಕೆಟ್ ಎಂಬುದು ಇಂಗ್ಲೆಂಡಿನ ಹದಿನೇಳು ಕೌಂಟಿಗಳೂ ವೇಲ್ಸಿನ ಗ್ಲಾಮೋರ್ಗನ್ನೂ ಸೇರಿ 18 ತಂಡಗಳು ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಪರಸ್ಪರ ಆಡುವ ಪ್ರಥಮ ದರ್ಜೆಯ ಪಂದ್ಯಾವಳಿ. 1890ರಲ್ಲಿ ಚಾಂಪಿಯನ್‌ಷಿಪ್ಪಿನ ವಿಧ್ಯುಕ್ತ ರೂಪವನ್ನು ತಳೆದು, 1992ರಲ್ಲಿ ಡರ್ಹಮ್ಮಿನ ಪ್ರವೇಶದಿಂದ ಇಂದಿನ ಸಂಖ್ಯೆಯನ್ನು ಮುಟ್ಟಿ, 1993ರಿಂದ ಸಂಪೂರ್ಣವಾಗಿ ನಾಲ್ಕು ದಿನಗಳ ಪಂದ್ಯಗಳಾಗಿ, 2000ದಿಂದ ಎರಡು ವಿಭಾಗಗಳಾಗಿ ನಡೆದುಬಂದಿರುವ ಈ ಸ್ಪರ್ಧೆಯನ್ನು ಅಲ್ಲಿನ ನಿವಾಸಿಗಳು ಮೈದಾನದ ಬೆಂಚುಗಳ ಮೇಲೆ ಕುಳಿತು ನೋಡುವರಾದರೆ, ಅರಬ್ಬೀ ಸಮುದ್ರದ ಈಚೆಯ ದಡದಿಂದ ಅದನ್ನು ಋತುವಿನಿಂದ ಋತುವಿಗೆ ಬಿಡದೆ ಅನುಸರಿಸುವುದೂ ಒಂದು ನಿಷ್ಠೆಯೇ ಆಗಿದೆ. ಅದರ ಸ್ವರೂಪವೇ ಪ್ರಸ್ತುತ ಲೇಖನದ ವಿಷಯ.

ಕಾಸರಗೋಡು ಸೀಮೆಯಲ್ಲಿ ಈ ನಿಷ್ಠೆಗೆ ಸಹಜವಾದ ಆಲಂಬನವೊಂದುಂಟು. ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನೊಡನೆ ಬೆಸೆದುಕೊಂಡಿರುವ ಕುಂಬಳೆಯೆಂಬ ಕಡಲಂಚಿನ ಊರು ಯಾರ ಮನೆತನದ ಮೂಲಸ್ಥಾನವೋ, ಯಾರ ಹೆಸರಿನಲ್ಲಿ ಅಲ್ಲಿಯ ರಸ್ತೆಯೊಂದು ಇಂದಿಗೂ ಇದೆಯೋ, ಆ ಅನಿಲ್ ಕುಂಬ್ಳೆಯವರು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು, ಟೆಸ್ಟ್ ಬೌಲರಾಗಿ ಹೆಸರಾದ ಮೇಲೆ 1995ರಲ್ಲಿ ನಾರ್ಥಾಂಪ್ಟನ್‌ಶೈರಿಗೆ ಆಡಲು ಹೋದರು. ಆ ಒಂದೇ ಬೇಸಿಗೆಯಲ್ಲಿ ಅವರು ಪಡೆದ ವಿಕೆಟ್ಟುಗಳು 105. ಒಂದೊಂದಕ್ಕೆ ತೆತ್ತ ಓಟಗಳು ಸರಾಸರಿ ಇಪ್ಪತ್ತಕ್ಕಿಂತ ಕಿಂಚಿತ್ತು ಹೆಚ್ಚು. ಚೆಂಡನ್ನು ಬಹಳ ತಿರುಗಿಸದ ಲೆಗ್ ಸ್ಪಿನ್ನರು ಇಂಗ್ಲೆಂಡಿನ ತೇವದ ನೆಲದಲ್ಲಿ ಏನು ಸಾಧಿಸಿಯಾನೆಂಬ ಶಂಕೆಗೆ ಇದಕ್ಕಿಂತ ಸ್ಪಷ್ಟವಾದ ಸಮಾಧಾನ ಬೇಕಿಲ್ಲ. ಅದೇ ಋತುವಿನಲ್ಲಿ ನಾಟಿಂಗ್‌ಹ್ಯಾಮ್‌ಶೈರು ಮೊದಲ ಇನ್ನಿಂಗ್ಸಿನಲ್ಲಿ 527 ಓಟಗಳನ್ನು ಗಳಿಸಿಯೂ, ನಾರ್ಥಾಂಪ್ಟನ್ನಿನವರು 7 ವಿಕೆಟ್ಟಿಗೆ 781 ಓಟ ಪೇರಿಸಿ ಡಿಕ್ಲೇರ್ ಮಾಡಿದ ಬಳಿಕ ಇನ್ನಿಂಗ್ಸ್ ಸೋಲನ್ನು ಅನುಭವಿಸಿತೆಂಬುದು ಕೌಂಟಿ ಇತಿಹಾಸದ ಆಶ್ಚರ್ಯಗಳಲ್ಲಿ ಒಂದು. ಹನ್ನೆರಡು ಪಂದ್ಯಗಳನ್ನು ಗೆದ್ದರೂ ತಂಡಕ್ಕೆ ದೊರೆತದ್ದು ತೃತೀಯ ಸ್ಥಾನ. ಕುಂಬ್ಳೆಯವರು ಅನಂತರ 2000ದಲ್ಲಿ ಲೀಸ್ಟರ್‌ಶೈರಿಗೂ 2006ರಲ್ಲಿ ಸರ್ರೆಗೂ ಆಡಿದರಾದರೂ 1995ರ ವೈಭವ ಮರುಕಳಿಸಲಿಲ್ಲ.

ಕಾಲಮಾನವೂ ಈ ಅಭಿಮಾನಕ್ಕೆ ಅನುಕೂಲವಾಗಿದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರನ್ನು ಮೀರಿ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಜೂನಿನಿಂದ ಮುಂದೆ, ವಿಶೇಷವಾಗಿ ಆಟಿ ತಿಂಗಳಿನಲ್ಲಿ, ಆಟದ ಬಯಲುಗಳೆಲ್ಲ ಕೆಸರಾಗಿ ಚೆಂಡು ದಾಂಡುಗಳು ಮೂಲೆ ಸೇರುವ ಹೊತ್ತಿಗೆ ಸರಿಯಾಗಿ ಇಂಗ್ಲೆಂಡಿನ ಋತು ಪ್ರೌಢಾವಸ್ಥೆಗೆ ಬಂದಿರುತ್ತದೆ. ಅಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಆರಂಭವಾಗುವ ಆಟ ಇಲ್ಲಿ ಅಪರಾಹ್ನ ಮೂರೂವರೆಗೆ ತೊಡಗಿ ರಾತ್ರಿಯ ಊಟದ ಅನಂತರವೂ ನಡೆಯುತ್ತಿರುತ್ತದೆ. ಮಳೆಗಾಲದ ರಾತ್ರಿಗಳಲ್ಲಿ ತಾಳಮದ್ದಳೆಯ ಅರ್ಥಗಾರಿಕೆಯನ್ನು ಕೇಳಿ ಬೆಳೆದ ಈ ಸೀಮೆಯ ಶ್ರೋತೃವಿಗೆ, ಒಂದು ಪದ್ಯದ ಮೇಲೆ ವಾದ ಪ್ರತಿವಾದಗಳು ಬಿಡಿಸಿಕೊಳ್ಳುತ್ತ ಹೋಗುವಂತೆ, ನಾಲ್ಕು ದಿನಗಳ ಪಂದ್ಯವೊಂದು ತನ್ನ ತೀರ್ಮಾನವನ್ನು ಮುಂದೂಡುತ್ತ ಸಾಗುವುದು ಅಪರಿಚಿತವೆನಿಸಲಾರದು. ಹಿಂದೆ ಈ ವಾರ್ತೆ ತಲಪುತ್ತಿದ್ದುದು ಬಿ.ಬಿ.ಸಿ.ಯ ವಿದೇಶ ಪ್ರಸಾರದಿಂದ ಮತ್ತು ಹಿಂದೂ ಪತ್ರಿಕೆಯ ಕ್ರೀಡಾಪುಟದಲ್ಲಿ ಸೂಕ್ಷ್ಮಾಕ್ಷರಗಳಲ್ಲಿ ಅಚ್ಚಾಗುತ್ತಿದ್ದ ಅಂಕಪಟ್ಟಿಯಿಂದ. ಈಗಲಾದರೋ ಕೌಂಟಿಗಳೇ ತಮ್ಮ ಪಂದ್ಯಗಳನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸುತ್ತವೆ. ಆದಾಗ್ಯೂ ಅಂಕಪಟ್ಟಿಯನ್ನು ಓದುವ ವಿದ್ಯೆ ಅನಗತ್ಯವಾಗಿಲ್ಲ. ಏಕೆಂದರೆ ಗೆಲುವಿಗೆ ಸಲ್ಲುವ 16 ಅಂಕಗಳಲ್ಲದೆ, ಮೊದಲ ಇನ್ನಿಂಗ್ಸಿನ 110 ಓವರುಗಳೊಳಗೆ ಬ್ಯಾಟಿಂಗಿಗೆ ಐದರವರೆಗೂ ಬೌಲಿಂಗಿಗೆ ಮೂರರವರೆಗೂ ಹೆಚ್ಚಿನ ಅಂಕಗಳು ದೊರೆಯುವುದರಿಂದ, ಡ್ರಾ ಆಗುವುದು ನಿಶ್ಚಿತವಾದ ಪಂದ್ಯದಲ್ಲಿಯೂ ಒಂಬತ್ತನೆಯ ವಿಕೆಟ್ಟು ಬೀಳುವುದೋ ಇಲ್ಲವೋ ಎಂಬ ಕಾತರ ಉಳಿದೇ ಇರುತ್ತದೆ.

ಕನ್ನಡ ನಾಡಿನ ಇತರರಲ್ಲಿ ಮೈಸೂರಿನ ಜಾವಗಲ್ ಶ್ರೀನಾಥರು ಅದೇ 1995ರಲ್ಲಿ ಗ್ಲಾಸ್ಟರ್‌ಶೈರಿಗೆ 87 ವಿಕೆಟ್ಟುಗಳನ್ನು ಗಳಿಸಿಕೊಟ್ಟರು. ರಾಹುಲ್ ದ್ರಾವಿಡರು 2000ದಲ್ಲಿ ಕೆಂಟಿನ ಪರವಾಗಿ ಸಾವಿರಕ್ಕೆ ಮೀರಿ ಓಟಗಳನ್ನು ಕಲೆಹಾಕಿದರು. ಕರುಣ್ ನಾಯರ್ ಅವರು 2024ರಲ್ಲಿ ನಾರ್ಥಾಂಪ್ಟನ್ನಿನಲ್ಲಿ ಗ್ಲಾಮೋರ್ಗನ್ನಿನ ವಿರುದ್ಧ ಔಟಾಗದೆ 202 ಓಟ ಗಳಿಸಿ, ಕುಂಬ್ಳೆಯವರ ಕೌಂಟಿಗೆ ಮತ್ತೊಂದು ಕರ್ನಾಟಕದ ನಂಟನ್ನು ಕೂಡಿಸಿದರು.

ಕಾಸರಗೋಡಿನ ನಂಟುಗಳು ಇಷ್ಟಕ್ಕೆ ಮುಗಿಯುವುದಿಲ್ಲ. ತಳಂಗರೆಯ ಮೊಹಮ್ಮದ್ ಅಜರುದ್ದೀನ್, ಅಂದರೆ 2021ರ ಜನವರಿಯಲ್ಲಿ ಮುಂಬಯಿಯ ವಿರುದ್ಧ 54 ಚೆಂಡುಗಳಲ್ಲಿ ಔಟಾಗದೆ 137 ಓಟ ಗಳಿಸಿದ ಕೇರಳದ ಬ್ಯಾಟ್ಸ್‌ಮನ್, ಯಾರ ಹೆಸರನ್ನು ಹೊತ್ತಿರುವರೋ ಆ ಹೈದರಾಬಾದಿನ ಅಜರುದ್ದೀನರು 1991ರಲ್ಲಿ ಡರ್ಬಿಶೈರಿಗೆ ಎರಡು ಸಾವಿರಕ್ಕೂ ಅಧಿಕ ಓಟಗಳನ್ನು ಗಳಿಸಿದ್ದರು. ಕಾಸರಗೋಡು ನಗರದ ಕ್ರೀಡಾಂಗಣದ ರಸ್ತೆಗೆ 2025ರಲ್ಲಿ ಯಾರ ನಾಮಕರಣವಾಯಿತೋ ಆ ಸುನಿಲ್ ಗವಾಸ್ಕರರು 1980ರಲ್ಲಿ ಸಾಮರ್ಸೆಟ್ಟಿನ ಆಟಗಾರರಾಗಿದ್ದರು.

1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಈ ಸೀಮೆಯ ಕನ್ನಡಿಗನ ಒಲವು ರಣಜಿ ಪಂದ್ಯಗಳಲ್ಲಿ ಇಬ್ಭಾಗವಾಗುವುದುಂಟು: ಭಾಷೆ ಕರ್ನಾಟಕದ ಕಡೆಗೆ ಎಳೆದರೆ, ತಳಂಗರೆಯ ಹುಡುಗ ಕೇರಳದ ಕಡೆಗೆ ಎಳೆಯುತ್ತಾನೆ. ಕೌಂಟಿಯ ವಿಷಯದಲ್ಲಿ ಈ ಸಂದಿಗ್ಧವಿಲ್ಲ. ತನ್ನ ನೆಲದಲ್ಲಿ ಹುಟ್ಟಿದವರಿಗೆ ಮಾತ್ರ ಆಡಲು ಎಡೆಗೊಡುತ್ತಿದ್ದ ಯಾರ್ಕ್‌ಶೈರು ಕೂಡ 1992ರಲ್ಲಿ ಸಚಿನ್ ತೆಂಡೂಲ್ಕರರನ್ನು ಬರಮಾಡಿಕೊಂಡಿತು. ಅಭಿಮಾನಿಯ ಪ್ರವೇಶಕ್ಕಾದರೋ ಎಂದೂ ಅಂಥ ಅಡ್ಡಿಯಿರಲಿಲ್ಲ. ಆಟಗಾರನ ನಿಮಿತ್ತವಾಗಿ ಒಂದು ಕೌಂಟಿಯನ್ನು ಮೆಚ್ಚುವುದು ಸುಲಭ. ಅವನು ಹಿಂದಿರುಗಿದ ಮೇಲೆಯೂ, ಪರಿಚಿತವಾದ ಹೆಸರು ಒಂದೂ ಇಲ್ಲದ ಪಟ್ಟಿಯನ್ನು ಮುಂದಿನ ಏಪ್ರಿಲಿನಲ್ಲಿ ಪುನಃ ತೆರೆಯುವವನೇ ನಿಜವಾದ ಅನುಯಾಯಿಯೆಂದು ಈ ಲೇಖಕನ ಮತ.

ಆ ನಿಷ್ಠೆಗೆ ಇಲ್ಲಿ ವಿಶೇಷವಾದ ಪರೀಕ್ಷೆಯೂ ಒದಗಿದೆ. 1890ರಿಂದ 2025ರವರೆಗೆ ಚಾಂಪಿಯನ್‌ಷಿಪ್ಪನ್ನು ಒಮ್ಮೆಯೂ ಗೆಲ್ಲದ ಕೌಂಟಿಗಳು ಮೂರೇ: ಕುಂಬ್ಳೆಯವರ ನಾರ್ಥಾಂಪ್ಟನ್‌ಶೈರ್, ಶ್ರೀನಾಥರ ಗ್ಲಾಸ್ಟರ್‌ಶೈರ್, ಗವಾಸ್ಕರರ ಸಾಮರ್ಸೆಟ್. ಇವುಗಳಲ್ಲಿ ಸಾಮರ್ಸೆಟ್ 2010ರಲ್ಲಿ ನಾಟಿಂಗ್‌ಹ್ಯಾಮ್‌ಶೈರಿನಷ್ಟೇ ಅಂಕಗಳನ್ನು ಪಡೆದಿದ್ದರೂ ಗೆದ್ದ ಪಂದ್ಯಗಳ ಎಣಿಕೆಯಲ್ಲಿ ಒಂದು ಕಡಿಮೆಯಾಗಿ ಪ್ರಶಸ್ತಿಯಿಂದ ವಂಚಿತವಾಯಿತು. ಹೊಸದಾಗಿ ಒಂದು ಕೌಂಟಿಯನ್ನು ತನ್ನದಾಗಿಸಿಕೊಳ್ಳಲಿಚ್ಛಿಸುವ ವಾಚಕನು ಈ ಮೂರರಲ್ಲಿ ಒಂದನ್ನೇ ವರಿಸಲಿ. ಮೊದಲ ಪ್ರಶಸ್ತಿ ಬರುವ ವರ್ಷ ಅದರ ಜೊತೆಗಿರುವ ಭಾಗ್ಯ ಬೇರೆ ಹದಿನೈದರ ಅಭಿಮಾನಿಗಳಿಗೆ ಇನ್ನು ಲಭಿಸಲಾರದು.