ನಮ್ಮ ಮನೆಯ ಅತ್ತರಿನ ಕುಪ್ಪಿ: ಒಂದು ಸಣ್ಣ ಚರಿತ್ರೆ

ಕಳೆದ ಮಳೆಗಾಲದಲ್ಲಿ ಎರಡೂವರೆ ತಿಂಗಳ ರಜೆಗೆ ಊರಿಗೆ ಬಂದಿದ್ದೆ. ಎರಡು ವರ್ಷ ಎಲ್ಲೂ ಹೋಗದೆ ಉಳಿಸಿದ ರಜೆ. ಹೊರಡುವ ಹಿಂದಿನ ದಿನ ಶಾರ್ಜಾದ ಒಂದು ಅಂಗಡಿಯಲ್ಲಿ ಹೊಸ ಸ್ಪ್ರೇ ಒಂದನ್ನು ತೆಗೆದುಕೊಂಡೆ. ಕಪ್ಪು ಕುಪ್ಪಿ, ಬಂಗಾರದ ಬಣ್ಣದ ಮುಚ್ಚಳ, ಮೇಲೆ ದೊಡ್ಡದಾಗಿ 'ಔದ್' ಎಂದು ಬರೆದಿತ್ತು. ಅಂಗಡಿಯ ಹುಡುಗ ಕಾಗದದ ಪಟ್ಟಿಗೆ ಒಮ್ಮೆ ಹೊಡೆದು ಮೂಗಿನ ಹತ್ತಿರ ಹಿಡಿದ. ಎರಡು ನಿಮಿಷದಲ್ಲಿ ವ್ಯಾಪಾರ ಮುಗಿಯಿತು.

ಊರಿಗೆ ಬಂದ ಮೊದಲ ಶುಕ್ರವಾರ ಜುಮಾಕ್ಕೆ ಹೊರಡುವಾಗ ಅದನ್ನು ಹಾಕಿಕೊಂಡೆ. ಉಪ್ಪ ಚಾವಡಿಯಲ್ಲಿ ಈಸಿಚೇರಿನಲ್ಲಿ ಕೂತಿದ್ದರು. ಅವರಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಹೆಜ್ಜೆಯ ಸಪ್ಪಳದಿಂದ, ಸ್ವರದಿಂದ ಜನರ ಗುರುತು ಹಿಡಿಯುತ್ತಾರೆ. ನಾನು ಅವರ ಪಕ್ಕದಿಂದ ದಾಟಿದಾಗ ಒಳಗೆ ಉಮ್ಮನಿಗೆ ಕೇಳುವಂತೆ ಹೇಳಿದರು: "ಯಾರೋ ಬಂದಿದ್ದಾರೆ, ಕೂರ್ಲಿಕ್ಕೆ ಹೇಳು."

ಉಮ್ಮ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಎರಡು ವರ್ಷದ ಮೇಲೆ ಮನೆಗೆ ಬಂದ ಮಗ, ಅಪ್ಪನ ಮೂಗಿಗೆ ಅತಿಥಿ!

ಉಪ್ಪ ನಲವತ್ತು ವರ್ಷ ಪೇಟೆಯಲ್ಲಿ ಅಂಗಡಿ ನಡೆಸಿದವರು. ಅಕ್ಕಿ, ಮೆಣಸು, ಸಾಬೂನಿನ ಜೊತೆಗೆ ಗಾಜಿನ ಮುಚ್ಚಳದ ಸಣ್ಣ ಪೆಟ್ಟಿಗೆಯಲ್ಲಿ ಅತ್ತರೂ ಇರುತ್ತಿತ್ತು. ಮುಂಬೈಯಿಂದ ಮಂಗಳೂರಿನ ಬಂದರಿಗೆ, ಬಂದರಿನಿಂದ ನಮ್ಮ ಪೇಟೆಗೆ. ತೊಲದ ಲೆಕ್ಕದಲ್ಲಿ ತಂದು ಸಣ್ಣ ಶೀಶೆಗಳಿಗೆ ತುಂಬಿಸಿ ಮಾರುತ್ತಿದ್ದರು. ಪೆರ್ನಾಲಿನ ಮುಂಚಿನ ವಾರ ಆ ಪೆಟ್ಟಿಗೆಯ ಮುಂದೆ ಜನ ಸೇರುತ್ತಿದ್ದರು. ಶೀಶೆ ಕೊಳ್ಳಲು ಕಾಸಿಲ್ಲದವರಿಗೆ ಉಪ್ಪ ಹತ್ತಿಯ ಸಣ್ಣ ಉಂಡೆಯನ್ನು ಅದ್ದಿ ಕೊಡುತ್ತಿದ್ದರು, ಅವರು ಅದನ್ನು ಕಿವಿಯ ಮಡಿಕೆಯಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು. ನಿಮ್ಮ ಮನೆಯ ಹಿರಿಯರೂ ಹೀಗೆ ಮಾಡಿದ್ದನ್ನು ನೀವು ನೋಡಿರಬಹುದು.

ಜುಮಾ ಮುಗಿಸಿ ಬಂದ ಮೇಲೆ ಉಪ್ಪ ನನ್ನ ಹೊಸ ಕುಪ್ಪಿಯನ್ನು ಕೇಳಿದರು. ಅಂಗೈಯ ಹಿಂಬದಿಗೆ ಒಂದು ಸಲ ಹೊಡೆಸಿಕೊಂಡರು. ಮೂಸಲಿಲ್ಲ. "ಮಗ್ರಿಬ್ ಆದ ಮೇಲೆ ಹೇಳ್ತೇನೆ" ಎಂದರು. ಮಗ್ರಿಬ್ ಆದ ಮೇಲೆ ಕೈ ಮೂಗಿಗೆ ಹಿಡಿದು, "ಇದರಲ್ಲಿ ಊದು ಇಲ್ಲ ಮೋನೆ" ಎಂದರು.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು, ಕೆಲಸ ಚಿಲ್ಲರ್ ಮತ್ತು ಪಂಪುಗಳ ನಿರ್ವಹಣೆ. ಯಾಕೆ ಎಂದು ಗೊತ್ತಾಗುವವರೆಗೆ ಸುಮ್ಮನಿರಲು ಆಗುವುದಿಲ್ಲ. ಹೊರಗೆ ಮಳೆ, ಕೈಯಲ್ಲಿ ರಜೆ. ಹಾಗಾಗಿ ಈ ಪರಿಮಳದ ಚರಿತ್ರೆಯ ಹಿಂದೆ ಬಿದ್ದೆ. ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರುಗಳು. 'ಅತ್ತರ್' ಎಂಬುದು ಅರಬಿಯ 'ಇತ್ರ್' ಎಂಬ ಮಾತಿನಿಂದ ಬಂದದ್ದು, ಪರಿಮಳ ಎಂದು ಅರ್ಥ. ಅದನ್ನು ಮಾರುವವನು 'ಅತ್ತಾರ್'. ವಿಜಯಪುರ, ಸೊಲ್ಲಾಪುರದ ಕಡೆ ಇಂದಿಗೂ 'ಅತ್ತಾರ' ಎಂಬ ಮನೆತನದ ಹೆಸರಿದೆ. ಆದರೆ ಅತ್ತರಿನ ಒಳಗಿರುವ ವಸ್ತುಗಳ ಹೆಸರು ಹೋದದ್ದು ಇನ್ನೊಂದು ದಿಕ್ಕಿಗೆ. ಸಂಸ್ಕೃತದ 'ಚಂದನ' ಪರ್ಷಿಯನ್ ದಾಟಿ ಅರಬಿಯಲ್ಲಿ 'ಸಂದಲ್' ಆಯಿತು. ಅರಬಿಯ 'ಮಿಸ್ಕ್', ಅಂದರೆ ಕಸ್ತೂರಿ, ಅದರ ಮೂಲವೂ ಪರ್ಷಿಯನ್ ಮೂಲಕ ಸಂಸ್ಕೃತಕ್ಕೆ ಮುಟ್ಟುತ್ತದೆ. 'ಊದ್' ಎಂದರೆ ಬರೇ ಮರ. ಆದರೆ ಅರಬರು 'ಊದ್ ಅಲ್ ಹಿಂದಿ' ಎಂದು ಕರೆದರು, ಹಿಂದೂಸ್ಥಾನದ ಮರ ಎಂದು. ಅಸ್ಸಾಮಿನ ಅಗರು ಮರಕ್ಕೆ ಒಂದು ಜಾತಿಯ ಬೂಷ್ಟು ಹಿಡಿದಾಗ ಮರ ತನ್ನನ್ನು ಕಾಪಾಡಿಕೊಳ್ಳಲು ಕಪ್ಪು ರಾಳ ಸ್ರವಿಸುತ್ತದೆ. ಆ ರಾಳ ತುಂಬಿದ ತಿರುಳೇ ಊದು. ಆರೋಗ್ಯವಾಗಿರುವ ಮರದಲ್ಲಿ ಅದು ಇರುವುದಿಲ್ಲ. ಇಂದು ಕೊಲ್ಲಿ ದೇಶಗಳಲ್ಲಿ ಹೆಸರಾದ ಅಜ್ಮಲ್ ಸಂಸ್ಥೆಯ ಮೂಲಪುರುಷರು ಕೂಡ ಅಸ್ಸಾಮಿನ ಹೊಜಾಯಿಯವರೇ. ಅವರು 1951ರಲ್ಲಿ ಮುಂಬೈಯಲ್ಲಿ ವ್ಯಾಪಾರ ಶುರು ಮಾಡಿದರು.

ಅಂದರೆ ನಾವು 'ಗಲ್ಫಿನ ವಾಸನೆ' ಎಂದು ಸೂಟ್‌ಕೇಸಿನಲ್ಲಿ ತರುವುದರಲ್ಲಿ ಬಹಳಷ್ಟು ಇಲ್ಲಿಂದಲೇ ಹೋದದ್ದು. ಹೋದ ದಾರಿಯಲ್ಲಿ ನಮ್ಮ ಕರಾವಳಿಯೂ ಇದೆ.

ಇಬ್ನ್ ಬತೂತ 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದಾಗ ಅಲ್ಲಿ ಸುಮಾರು 4000 ಮುಸ್ಲಿಮರು ನೆಲೆಸಿದ್ದಾರೆಂದು ಬರೆದದ್ದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಗಂಧದ ವಿಷಯದಲ್ಲಿ ಇನ್ನೂ ಹತ್ತಿರದ ಸಾಕ್ಷಿ ಟಿಪ್ಪು ಸುಲ್ತಾನರ ಕಾಲದ್ದು. ಅವರು 1792ರಲ್ಲಿ ಗಂಧದ ಮರವನ್ನು ರಾಜವೃಕ್ಷವೆಂದು ಸಾರಿದರು, ಯಾರ ಜಾಗದಲ್ಲಿ ಬೆಳೆದರೂ ಅದು ಸರಕಾರದ್ದು. ಮಸ್ಕತ್‌ನಲ್ಲಿ ಅವರ ವ್ಯಾಪಾರದ ಕೋಠಿ ಇತ್ತು. ಮೈಸೂರಿನ ಗಂಧ ಘಟ್ಟ ಇಳಿದು ಬಂದು ಮಂಗಳೂರಿನಿಂದ ಅಕ್ಕಿ, ಕಾಳುಮೆಣಸಿನ ಜೊತೆಗೆ ಮಸ್ಕತ್‌ಗೆ ಹೋಗುತ್ತಿತ್ತು. ನಾವು ವಿಮಾನದಲ್ಲಿ ಮೂರು ಗಂಟೆಯಲ್ಲಿ ದಾಟುವ ಸಮುದ್ರವನ್ನು ಗಂಧದ ಕೊರಡು ಹಾಯಿಹಡಗಿನಲ್ಲಿ ದಾಟಿದೆ.

ಇನ್ನು ಅತ್ತರ್ ತೆಗೆಯುವ ವಿಧಾನ. ಒಂಬತ್ತನೇ ಶತಮಾನದ ವಿದ್ವಾಂಸ ಅಲ್ ಕಿಂದಿಯ ಹೆಸರಿನಲ್ಲಿ ಪರಿಮಳ ಮತ್ತು ಭಟ್ಟಿ ಇಳಿಸುವ ಕ್ರಮದ ಒಂದು ಗ್ರಂಥವೇ ಇದೆ. ಬಾದಶಹ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಗುಲಾಬಿ ಅತ್ತರನ್ನು ಕಂಡುಹಿಡಿದ ಶ್ರೇಯಸ್ಸನ್ನು ನೂರ್ ಜಹಾನಳ ತಾಯಿ ಅಸ್ಮತ್ ಬೇಗಮರಿಗೆ ಕೊಟ್ಟಿದ್ದಾನೆ. ಬಿಸಿ ಗುಲಾಬಿ ನೀರನ್ನು ತಟ್ಟೆಗಳಿಗೆ ಸುರಿದಾಗ ಮೇಲೆ ಕೆನೆಯಂತೆ ಎಣ್ಣೆ ತೇಲಿದ್ದನ್ನು ಅವರು ಗಮನಿಸಿ ತೆಗೆದಿಟ್ಟರಂತೆ. ಮನೆಯಲ್ಲಿ ಹಾಲಿನ ಕೆನೆ ತೆಗೆಯುವ ಕಣ್ಣೇ ಅದನ್ನು ಕಂಡದ್ದು ಎಂದು ನನಗೆ ಅನಿಸಿತು.

ಉತ್ತರ ಪ್ರದೇಶದ ಕನೌಜಿನಲ್ಲಿ ಇಂದಿಗೂ ನಡೆಯುವ 'ದೇಗ್–ಭಪ್ಕಾ' ವಿಧಾನವನ್ನು ಓದಿದಾಗ ನನ್ನೊಳಗಿನ ಮೆಕ್ಯಾನಿಕ್‌ಗೆ ಖುಷಿಯಾಯಿತು. ದೇಗ್ ಎಂದರೆ ತಾಮ್ರದ ದೊಡ್ಡ ಹಂಡೆ. ಅದಕ್ಕೆ ಹೂವು ಮತ್ತು ನೀರು ಹಾಕಿ, ಮುಚ್ಚಳದ ಸಂದಿಯನ್ನು ಹತ್ತಿ ಬೆರೆಸಿದ ಮಣ್ಣಿನಿಂದ ಮುಚ್ಚುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಗ್ಯಾಸ್ಕೆಟ್. ಕೆಳಗೆ ಸೌದೆಯ ಬೆಂಕಿ. ಆವಿ ಬಿದಿರಿನ ಕೊಳವೆಯಲ್ಲಿ ಹಾದು ಭಪ್ಕಾ ಎಂಬ ಉದ್ದ ಕೊರಳಿನ ತಾಮ್ರದ ಪಾತ್ರೆಗೆ ಬರುತ್ತದೆ. ಆ ಪಾತ್ರೆ ತಣ್ಣೀರಿನ ತೊಟ್ಟಿಯಲ್ಲಿ ಕೂತಿರುತ್ತದೆ. ನಾನು ಕೆಲಸ ಮಾಡುವ ಚಿಲ್ಲರಿನ ಕಂಡೆನ್ಸರ್ ಮಾಡುವುದೂ ಇದೇ ಕೆಲಸ. ಒಂದೇ ವ್ಯತ್ಯಾಸ, ಅಲ್ಲಿ ಗೇಜ್ ಇಲ್ಲ. ಕೆಲಸಗಾರ ಪಾತ್ರೆಯನ್ನು ಕೈಯಿಂದ ಮುಟ್ಟಿ ಬಿಸಿ ಎಷ್ಟೆಂದು ತಿಳಿಯುತ್ತಾನೆ.

ಮುಖ್ಯ ವಿಷಯ ಇರುವುದು ಭಪ್ಕಾದ ಒಳಗೆ. ಅದು ಖಾಲಿ ಪಾತ್ರೆಯಲ್ಲ. ಹಳೆಯ ಕ್ರಮದಲ್ಲಿ ಅದರಲ್ಲಿ ಮೊದಲೇ ಗಂಧದೆಣ್ಣೆ ಇರುತ್ತದೆ. ಹೂವಿನ ಆವಿ ಬಂದು ಅದರಲ್ಲಿ ಇಳಿಯುತ್ತದೆ, ನೀರನ್ನು ಆಮೇಲೆ ಕೆಳಗಿನಿಂದ ಹರಿಸಿ ತೆಗೆಯುತ್ತಾರೆ. ಹೂವಿನ ಪರಿಮಳ ಹಗುರ, ಬೇಗ ಹಾರಿಹೋಗುತ್ತದೆ. ಗಂಧದೆಣ್ಣೆ ಭಾರ, ನಿಧಾನ. ಹಾರುವುದನ್ನು ಅದು ಹಿಡಿದು ನಿಲ್ಲಿಸುತ್ತದೆ. ಮಲ್ಲಿಗೆಯಾಗಲಿ, ಗುಲಾಬಿಯಾಗಲಿ, ಮೊದಲ ಮಳೆಯ ಮಣ್ಣಿನ ವಾಸನೆ ಬರುವ 'ಮಿಟ್ಟಿ' ಅತ್ತರೇ ಆಗಲಿ, ಎಲ್ಲದರ ತಳದಲ್ಲಿ ಇದ್ದದ್ದು ಗಂಧ. ತಯಾರಾದ ಅತ್ತರನ್ನು ತುಂಬುವ ಚರ್ಮದ ಚೀಲಕ್ಕೆ ಅಲ್ಲಿನವರು ಹೇಳುವ ಹೆಸರು 'ಕುಪ್ಪಿ'. ನಾವು ಗಾಜಿನ ಬಾಟಲಿಗೆ ಹೇಳುವ ಅದೇ ಮಾತು!

ಹಾಗಾದರೆ ಗಂಧದ ಕತೆ ಏನಾಯಿತು? 1914ರವರೆಗೆ ಮೈಸೂರಿನ ಗಂಧದ ಕೊರಡುಗಳು ಹರಾಜಾಗಿ ಹೆಚ್ಚಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. ಮಹಾಯುದ್ಧ ಶುರುವಾದಾಗ ಆ ದಾರಿ ಮುಚ್ಚಿತು, ಕೊರಡು ರಾಶಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಸರಕಾರ ಎಣ್ಣೆಯನ್ನು ಇಲ್ಲೇ ತೆಗೆಯಲು ನಿರ್ಧರಿಸಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಪ್ರಯೋಗ ಮಾಡಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆ ತೆರೆಯಿತು. ನಮ್ಮ ಸ್ನಾನದ ಮನೆಯ ಮೈಸೂರು ಸ್ಯಾಂಡಲ್ ಸೋಪು ಅದರ ಹಿಂದೆಯೇ ಬಂದದ್ದು.

ಆದರೆ ಮರ ಕಡಿಮೆಯಾಗುತ್ತಾ ಬಂತು. 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡ 'ಸ್ಪೈಕ್' ರೋಗ ಒಂದು ಕಾರಣ, ಕಳ್ಳ ಕೊಡಲಿ ಇನ್ನೊಂದು. ತನ್ನ ಹಿತ್ತಿಲಲ್ಲಿ ಹುಟ್ಟಿದ ಮರ ತನ್ನದಲ್ಲ ಎಂದಾದರೆ ಯಾರು ಬೆಳೆಸುತ್ತಾರೆ? ಕರ್ನಾಟಕದಲ್ಲಿ ಮರದ ಒಡೆತನ ಜಾಗದ ಮಾಲೀಕನಿಗೆ ಸಿಕ್ಕಿದ್ದು 2001ರ ಕಾನೂನು ತಿದ್ದುಪಡಿಯ ನಂತರ. ನಮ್ಮ ಕಾಸರಗೋಡು ಜಿಲ್ಲೆಯಲ್ಲೂ ಗಂಧದೆಣ್ಣೆ ತೆಗೆಯುವ ಖಾಸಗಿ ಕಾರ್ಖಾನೆಗಳಿದ್ದವು. ಕಳ್ಳ ಗಂಧದ ಆರೋಪ, ಕೋರ್ಟು, ಪರವಾನಗಿಯ ತಕರಾರುಗಳ ನಡುವೆ ಅವು ಮುಚ್ಚಿದವು. ಅಗರು ಮರದ ಗತಿಯೂ ಬೇರೆಯಲ್ಲ. ಅಸ್ಸಾಮಿನ ಅಗರು 1995ರಿಂದ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ನಿಯಂತ್ರಣವಿರುವ ಮರಗಳ ಪಟ್ಟಿಯಲ್ಲಿದೆ.

ಗಂಧದೆಣ್ಣೆಯ ಬೆಲೆ ಏರಿದಂತೆ ಭಪ್ಕಾದ ಒಳಗೆ ಅದರ ಜಾಗಕ್ಕೆ ಲಿಕ್ವಿಡ್ ಪ್ಯಾರಾಫಿನ್‌ನಂತಹ ಅಗ್ಗದ ಎಣ್ಣೆಗಳು ಬಂದವು. ಇನ್ನೊಂದು ಕಡೆ ಯುರೋಪಿನ ಪ್ರಯೋಗಾಲಯಗಳು ಮೊದಲೇ ಬೇರೆ ದಾರಿ ಹಿಡಿದಿದ್ದವು. 1868ರಲ್ಲಿ ವಿಲಿಯಂ ಪರ್ಕಿನ್ ಕೂಮರಿನ್ ಎಂಬ ಪರಿಮಳದ ವಸ್ತುವನ್ನು ಕೃತಕವಾಗಿ ಮಾಡಿದ. 1888ರಲ್ಲಿ ಆಲ್ಬರ್ಟ್ ಬೌರ್ ಎಂಬವನ ಕೈಯಲ್ಲಿ ಕೃತಕ ಕಸ್ತೂರಿ ಹುಟ್ಟಿತು. ತಿಮಿಂಗಿಲದ ವಾಂತಿ ಸಾಗಿಸುತ್ತಿದ್ದವರು ಸಿಕ್ಕಿಬಿದ್ದ ಸುದ್ದಿಯನ್ನು ನೀವು ಪೇಪರಿನಲ್ಲಿ ಓದಿರುತ್ತೀರಿ. ಅದೇ ಹಳೆಯ 'ಅಂಬರ್'. ಅದಕ್ಕೂ ಈಗ ಗಿಡದಿಂದ ತಯಾರಿಸುವ ಬದಲಿ ಇದೆ. 2002ರಲ್ಲಿ ಫ್ರಾನ್ಸಿನ ಒಂದು ದೊಡ್ಡ ಕಂಪೆನಿ ಊದಿನ ಹೆಸರಲ್ಲಿ 'ಎಂ7' ಎಂಬ ಪರ್ಫ್ಯೂಮ್ ತಂದಿತು. ಆಮೇಲೆ ಆ ಹೆಸರು ಎಲ್ಲರಿಗೂ ಬೇಕಾಯಿತು. ಇಂದು ಲೇಬಲ್ಲಿನಲ್ಲಿ ಊದ್ ಎಂದಿರುವ ಕುಪ್ಪಿಗಳಲ್ಲಿ ಹೆಚ್ಚಿನವುಗಳಲ್ಲಿ ಇರುವುದು ಪ್ರಯೋಗಾಲಯದ ಊದು. ಇದರಲ್ಲಿ ತಪ್ಪೇನಿಲ್ಲ, ಅಷ್ಟು ಮರ ಉಳಿಯಿತು. ಆದರೆ ಉಪ್ಪನ ಮೂಗು ಹೇಳಿದ್ದು ಸುಳ್ಳಲ್ಲ.

ನಾನು ಇದೆಲ್ಲ ಹೇಳಿ ಮುಗಿಸಿದ ಮೇಲೆ ಉಪ್ಪ ತನ್ನ ಅಂಗಡಿಯ ವಿಷಯ ಹೇಳಿದರು. ಒಂದು ವರ್ಷ ಪೆರ್ನಾಲಿಗೆ ತಂದ 'ಗಂಧದ ಅತ್ತರ್' ಅಸರ್‌ನ ಹೊತ್ತಿಗೆ ಕೈಯಲ್ಲಿ ನಿಲ್ಲಲಿಲ್ಲವಂತೆ. ಜಿಡ್ಡು ಉಳಿಯಿತು, ವಾಸನೆ ಹೋಯಿತು. ಮಾರಿದರೆ ಲಾಭ ಇತ್ತು. ಆದರೆ ಅವರು ಅದನ್ನು ವಾಪಸ್ ಕಳಿಸಿ, ಅಂದಿನಿಂದ ಅತ್ತರ್ ಮಾರುವುದನ್ನೇ ನಿಲ್ಲಿಸಿದರು. ಆ ಗಾಜಿನ ಪೆಟ್ಟಿಗೆಯಲ್ಲಿ ಆಮೇಲೆ ಬ್ಲೇಡು, ಬ್ಯಾಟರಿ ಇದ್ದದ್ದು ನನಗೆ ನೆನಪಿದೆ. ಅತ್ತರ್ ಹೋದದ್ದು ಯಾಕೆ ಎಂದು ನಾನು ಇಷ್ಟು ವರ್ಷ ಕೇಳಿರಲಿಲ್ಲ.

"ಒಂದು ಮಾತ್ರ ಉಂಟು" ಎಂದು ಉಮ್ಮನನ್ನು ಕರೆದರು. ಉಮ್ಮ ಕಪಾಟಿನ ಮೇಲಿನ ಅರೆಯಿಂದ, ಮಡಚಿಟ್ಟ ಬಿಳಿ ಬಟ್ಟೆಯ ಅಡಿಯಿಂದ ಒಂದು ಚಿಕ್ಕ ಕುಪ್ಪಿ ತೆಗೆದರು. ಮೈಸೂರಿನ ಸರಕಾರಿ ಮಳಿಗೆಯಿಂದ ಉಪ್ಪ ಬಹಳ ವರ್ಷಗಳ ಹಿಂದೆ ತಂದ ಗಂಧದೆಣ್ಣೆ. ಬಿಲ್ಲಿನ ಕಾಗದ ಹಳದಿಯಾಗಿ ಜೊತೆಗೇ ಇತ್ತು. ಮಾರಾಟಕ್ಕೆ ಉಳಿದದ್ದೇ ಎಂದು ಕೇಳಿದೆ. ಉಮ್ಮ ಉತ್ತರ ಕೊಡಲಿಲ್ಲ. ಆಗ ಆ ಬಿಳಿ ಬಟ್ಟೆ ಏನೆಂದು ನನಗೆ ಗೊತ್ತಾಯಿತು. ಹಜ್ಜಿನಿಂದ ತಂದ ಕಫನ್ ಬಟ್ಟೆ. ಎಣ್ಣೆಯೂ ಅದಕ್ಕೇ.

ಉಪ್ಪ ಮುಚ್ಚಳ ತೆಗೆದು ನನ್ನ ಮಣಿಕಟ್ಟಿಗೆ ಬೆರಳಿನಿಂದ ಸ್ವಲ್ಪ ಸವರಿದರು. "ಒಂದು ಹನಿ ಹೋದರೆ ನನಗೇನೂ ಕಡಿಮೆಯಾಗುವುದಿಲ್ಲ" ಎಂದರು. ರಾತ್ರಿ ಮಲಗುವಾಗಲೂ ಅದು ಕೈಯಲ್ಲಿತ್ತು. ಬೆಳಿಗ್ಗೆ ಸುಬಹಿಗೆ ವುಳೂ ಮಾಡುವಾಗಲೂ ಇತ್ತು.

ನನ್ನ ರಜೆ ಮುಗಿಯಿತು. ಔದ್ ಸ್ಪ್ರೇಯನ್ನು ಭಾವನಿಗೆ ಕೊಟ್ಟೆ, ಅವರಿಗೆ ಅದು ಬಹಳ ಇಷ್ಟವಾಗಿದೆ. ಹೊರಡುವ ಹಿಂದಿನ ದಿನ ತಮ್ಮನನ್ನು ಕರೆದು ಕಪಾಟಿನ ಮೇಲಿನ ಅರೆಯನ್ನು ತೋರಿಸಿದೆ. ಕಡಲಾಚೆ ದುಡಿಯುವ ನಮ್ಮಂಥವರು ಬೇಕಾದ ಹೊತ್ತಿಗೆ ತಲುಪುತ್ತೇವೆಂದು ಹೇಳಲಿಕ್ಕಾಗುವುದಿಲ್ಲ. ಮನೆಯಲ್ಲಿ ಇರುವವನಿಗೆ ಗೊತ್ತಿರಬೇಕು.

ನಿಮ್ಮ ಮನೆಯಲ್ಲೂ ಇಂಥ ಕುಪ್ಪಿ ಇರಬಹುದು. ಈ ಸಲ ರಜೆಗೆ ಹೋದಾಗ ಹಿರಿಯರಲ್ಲಿ ಕೇಳಿ, ಅದು ಎಲ್ಲಿಂದ ಬಂತು, ಯಾರಿಗಾಗಿ ಇಟ್ಟದ್ದು ಎಂದು. ಅವರು ಹೇಳುವಷ್ಟು ಹೊತ್ತು ಕೂತು ಕೇಳಿ.